ಆಕಾಶದ ನೀರಗಂಟಿ

ನೀರಗಂಟಿ ಎಂಬ ಮಾತು ನಮ್ಮ ಸಹಪಾಠಿಗಳಲ್ಲಿ ಎಷ್ಟು ಜನಕ್ಕೆ ಪರಿಚಿತವೋ ನಾನರಿಯೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೆರೆಯ ತೂಬನ್ನು ತೆರೆದು ಮುಚ್ಚುವ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದನ್ನು ನೋಡಿಕೊಳ್ಳುವ ಕೆಲಸದವನಿಗೆ ಆ ಹೆಸರು. ನನ್ನ ತಾತ ನಮ್ಮೂರ ಕೆರೆಗೆ ನೀರಗಂಟಿಯಾಗಿದ್ದರು. ಓದು ಬರಹ ಅವರಿಗೆ ಬಾರದು. ಸುಗ್ಗಿಯಲ್ಲಿ ರೈತರು ಕಣದಲ್ಲಿ ಅಳೆದು ಕೊಡುತ್ತಿದ್ದ ಒಂದಿಷ್ಟು ಭತ್ತವೇ ಅವರ ಸಂಬಳ. ಕೆರೆ ಅವರದಲ್ಲ, ನೀರು ಅವರದಲ್ಲ. ತೂಬಿನ ಮೇಲಿನ ಕೈ ಮಾತ್ರ ಅವರದು.

ಅವರ ಕಾಲದಲ್ಲಿ ಮೂರು ಕಟ್ಟುಗಳು ನಡೆಯುತ್ತಿದ್ದುವಂತೆ. ಒಂದನೆಯದು, ಒಬ್ಬನ ಸರದಿಯಲ್ಲಿ ಇನ್ನೊಬ್ಬನು ಮಡೆ ತಿರುಗಿಸಬಾರದು. ಎರಡನೆಯದು, ತನ್ನ ಸರದಿಯ ನೀರನ್ನು ಬಳಸದವನು ಅದನ್ನು ಕಟ್ಟಿಹಾಕಿಕೊಂಡು ಕೂಡಬಾರದು. ಅದು ಮುಂದಿನವನಿಗೆ ಹೋಗಬೇಕು. ಮೂರನೆಯದು, ಕಾಲುವೆಯ ಕಟ್ಟಕಡೆಯ ಗದ್ದೆಗೆ ನೀರು ಮುಟ್ಟಿದ ಹೊರತು ನೀರಗಂಟಿ ಮನೆಗೆ ಹೋಗಬಾರದು.

ವಾರ್ಷಿಕ ಸಂಚಿಕೆಯಲ್ಲಿ ಕೆರೆಯ ಪುರಾಣವೇಕೆಂದು ವಾಚಕರು ಕೇಳಬಹುದು. ಕಾರಣವಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ಪಾಠಗಳೆಲ್ಲ ಮೊಬೈಲಿನ ಮೂಲಕ ನಡೆಯಬೇಕೆಂದಾಯಿತು. ಮನೆಯಲ್ಲಿದ್ದುದು ಒಂದೇ ಮೊಬೈಲು; ಊರೊಳಗೆ ಅದಕ್ಕೆ ಸಿಗ್ನಲ್ಲಿಲ್ಲ. ಆದಕಾರಣ ನಾವು ಆರೇಳು ಮಂದಿ ಹುಡುಗರು ಹುಡುಗಿಯರು ದಿನವೂ ಕೆರೆಯ ಏರಿಯ ಮೇಲೆ ಹೊಂಗೆಯ ಮರದ ಕೆಳಗೆ ಕುಳಿತು ಪಾಠ ಕೇಳುತ್ತಿದ್ದೆವು. ಮಳೆ ಬಂದ ದಿನ ಪಾಠವಿಲ್ಲ. ಒಂದು ಸಂಜೆ ಆ ದಾರಿಯಲ್ಲಿ ಬಂದ ತಾತ, "ಇಲ್ಲೇನು ನೀರು ಕಾಯ್ತಿದ್ದೀರಾ?" ಎಂದು ನಕ್ಕರು. ನೀರಲ್ಲ, ಸಿಗ್ನಲ್ಲು ಎಂದೆ. ಅದು ಎಲ್ಲಿಂದ ಬರುತ್ತದೆ, ಯಾರು ಬಿಡುತ್ತಾರೆ ಎಂದು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅದಕ್ಕೂ ಒಬ್ಬ ನೀರಗಂಟಿ ಇರಬೇಕಲ್ಲ, ಅವನ್ಯಾರು?" ಎಂದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ನಮ್ಮ ತಲೆಯ ಮೇಲೂ ಒಂದು ಕೆರೆಯಿದೆ. ಕಣ್ಣಿಗೆ ಕಾಣದ ಕೆರೆ. ಆಕಾಶವಾಣಿಯ ವಾರ್ತೆ, ಪೋಲೀಸರ ನಿಸ್ತಂತು, ವಿಮಾನಚಾಲಕನಿಗೆ ನಿಲ್ದಾಣದಿಂದ ಬರುವ ಸೂಚನೆ, ಹವಾಮಾನದ ಉಪಗ್ರಹ ಕಳುಹಿಸುವ ಚಿತ್ರ, ನಮ್ಮ ನಿಮ್ಮ ಮೊಬೈಲಿನ ಮಾತು, ಇವೆಲ್ಲವೂ ರೇಡಿಯೋ ತರಂಗಗಳ ಮೇಲೆ ಸಾಗುತ್ತವೆ. ಈ ತರಂಗಗಳ ಸಮೂಹವನ್ನೇ ತರಂಗಗುಚ್ಛ ಅಥವಾ ಸ್ಪೆಕ್ಟ್ರಂ ಎನ್ನುವುದು. ಒಂದು ಸೆಕೆಂಡಿಗೆ ಎಷ್ಟು ಕಂಪನಗಳು ಎಂಬ ಲೆಕ್ಕದ ಮೇಲೆ ಅದನ್ನು ಪಟ್ಟೆ ಪಟ್ಟೆಯಾಗಿ ವಿಭಾಗಿಸುತ್ತಾರೆ. ಹತ್ತು ಲಕ್ಷ ಕಂಪನಗಳಿಗೆ ಒಂದು ಮೆಗಾಹರ್ಟ್ಸ್. ಎಫ್.ಎಂ. ರೇಡಿಯೋ 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಪಟ್ಟೆಯಲ್ಲಿದೆ. ಮೊಬೈಲಿಗೆ 700, 900, 1800 ಮುಂತಾದ ಪಟ್ಟೆಗಳಿವೆ. ಸಂಖ್ಯೆ ಕಡಿಮೆಯಾದಷ್ಟೂ ತರಂಗ ದೂರ ಹೋಗುತ್ತದೆ, ಗೋಡೆ ಮರಗಳನ್ನು ದಾಟುತ್ತದೆ. ಹೆಚ್ಚಾದಷ್ಟೂ ಅದು ಹೊರುವ ಭಾರ ಹೆಚ್ಚು, ಆದರೆ ಹೋಗುವ ದೂರ ಕಡಿಮೆ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಅಗತ್ಯವಿದೆ.

ಒಂದೇ ಸ್ಥಳದಲ್ಲಿ ಒಂದೇ ಪಟ್ಟೆಯಲ್ಲಿ ಇಬ್ಬರು ಮಾತನಾಡಿದರೆ ಇಬ್ಬರ ಮಾತೂ ಕೇಳಿಸದು. ಆದ್ದರಿಂದ ಯಾರಾದರೊಬ್ಬರು ಸರದಿ ಗೊತ್ತುಮಾಡಲೇಬೇಕು. ಜಗತ್ತಿನ ಮಟ್ಟದಲ್ಲಿ ಈ ಕೆಲಸವನ್ನು ಮಾಡುವುದು 1865ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಅದು ಭೂಮಂಡಲವನ್ನು ಮೂರು ವಲಯಗಳಾಗಿ ವಿಂಗಡಿಸಿದೆ, ಭಾರತವು ಮೂರನೆಯದರಲ್ಲಿದೆ. ನಮ್ಮ ದೇಶದೊಳಗೆ ಈ ಕೆಲಸ ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆಯ 'ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್' ವಿಭಾಗದ್ದು. 1952ರಲ್ಲಿ ಸ್ಥಾಪನೆಯಾದ ಈ ವಿಭಾಗದ ಹೆಸರನ್ನು ನಮ್ಮ ತರಗತಿಯಲ್ಲಿ ವಿಚಾರಿಸಿದೆ. ಕೇಳಿದ್ದವರು ಒಬ್ಬರೂ ಇರಲಿಲ್ಲ. ಯಾವ ಪಟ್ಟೆ ಯಾವ ಉಪಯೋಗಕ್ಕೆ ಎಂಬ ರಾಷ್ಟ್ರೀಯ ಪಟ್ಟಿಯನ್ನು ಸಿದ್ಧಪಡಿಸುವುದು, ಪರವಾನಗಿ ಕೊಡುವುದು, ಹವ್ಯಾಸಿ ರೇಡಿಯೋ ನಡೆಸುವವರಿಗೆ ಪರೀಕ್ಷೆ ನಡೆಸಿ ಕರೆಹೆಸರು ನೀಡುವುದು ಇದರ ಕೆಲಸ. ಎತ್ತರದ ಗೋಪುರಗಳು ವಿಮಾನಗಳ ದಾರಿಗೆ ಅಡ್ಡವಾಗದಂತೆ ಸ್ಥಳ ಒಪ್ಪುವುದಕ್ಕೆ ಒಂದು ಸಮಿತಿಯಿದೆ. ಯಾರಾದರೂ ಕದ್ದು ಮಡೆ ತಿರುಗಿಸಿದ್ದಾರೆಯೇ ಎಂದು ಹಗಲಿರುಳು ಕಿವಿಗೊಟ್ಟು ಕೇಳುವ ನಿಲ್ದಾಣಗಳು ದೇಶದ ಹಲವು ಕಡೆ ಇವೆ. ಬೆಲೆ ಮತ್ತು ನೀತಿಯ ವಿಷಯದಲ್ಲಿ ಶಿಫಾರಸು ಮಾಡುವುದಕ್ಕೆ 1997ರಲ್ಲಿ ಟ್ರಾಯ್ ಎಂಬ ಪ್ರಾಧಿಕಾರ ಹುಟ್ಟಿತು.

ಇದು ತಾತನ ಮೊದಲನೆಯ ಕಟ್ಟು. ಒಬ್ಬರ ಸರದಿಗೆ ಇನ್ನೊಬ್ಬರು ಅಡ್ಡಬರಬಾರದೆಂಬುದು. ಇದನ್ನು ಈ ವಿಭಾಗ ಬಹುಮಟ್ಟಿಗೆ ಚೆನ್ನಾಗಿಯೇ ನಡೆಸಿಕೊಂಡು ಬಂದಿದೆ ಎಂದು ನ್ಯಾಯವಾಗಿ ಒಪ್ಪಬೇಕು. ವಿಮಾನಗಳು ಇಳಿಯುತ್ತಿವೆ, ವಾರ್ತೆ ಕೇಳಿಸುತ್ತಿದೆ, ಕೋಟ್ಯಂತರ ಮೊಬೈಲುಗಳು ಒಂದರ ಮೇಲೊಂದು ಬೀಳದೆ ಮಾತನಾಡುತ್ತಿವೆ. ಕೆಲವು ನೀರನ್ನು ದನಕರುಗಳಿಗೆಂದು ಬಿಡುವಂತೆ, ಕೆಲವು ಪಟ್ಟೆಗಳನ್ನು ಪರವಾನಗಿಯ ಹಂಗಿಲ್ಲದೆ ಎಲ್ಲರಿಗೂ ಬಿಟ್ಟದ್ದೂ ಉಂಟು. 2005ರಲ್ಲಿ 2400 ಮೆಗಾಹರ್ಟ್ಸ್‌ನ ಪಟ್ಟೆಯನ್ನು ಹಾಗೆ ಮುಕ್ತಗೊಳಿಸಿದ್ದರಿಂದಲೇ ಇಂದು ಮನೆಮನೆಯಲ್ಲಿ ವೈಫೈ ನಡೆಯುತ್ತಿರುವುದು.

ಇರಲಿ. ಕೆರೆ ಯಾರದು? ಬಹುಕಾಲ ನಮ್ಮಲ್ಲಿ ಅದು ಸರಕಾರದ್ದೆಂಬ ಭಾವನೆಯೇ ಇತ್ತು. 1885ರ ತಂತಿ ಕಾಯಿದೆ, 1933ರ ನಿಸ್ತಂತು ಕಾಯಿದೆ, ಎರಡೂ ಪರಕೀಯರ ಆಳ್ವಿಕೆಯಲ್ಲಿ ಹುಟ್ಟಿದುವು. ರೇಡಿಯೋ ಪೆಟ್ಟಿಗೆಯನ್ನು ಮನೆಯಲ್ಲಿಟ್ಟು ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕಾದ ಪದ್ಧತಿ 1980ರ ದಶಕದವರೆಗೂ ಇತ್ತು. ಈ ಭಾವನೆಯನ್ನು ತಿದ್ದಿದ್ದು 1995ರ ಫೆಬ್ರವರಿಯಲ್ಲಿ ಬಂದ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಒಂದು ಕ್ರಿಕೆಟ್ ಪಂದ್ಯಾವಳಿಯನ್ನು ದೂರದರ್ಶನದಲ್ಲಿ ತೋರಿಸುವ ಹಕ್ಕಿನ ಬಗೆಗೆ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರಕಾರಕ್ಕೂ ಎದ್ದ ವ್ಯಾಜ್ಯ ಅದು. ನ್ಯಾಯಮೂರ್ತಿಗಳಾದ ಸಾವಂತ್, ಮೋಹನ್ ಮತ್ತು ಜೀವನ್ ರೆಡ್ಡಿಯವರಿದ್ದ ಪೀಠವು, ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಅವನ್ನು ಜನಹಿತಕ್ಕಾಗಿ ಒಂದು ಸಾರ್ವಜನಿಕ ಪ್ರಾಧಿಕಾರವು ನಿಯಂತ್ರಿಸಬೇಕು ಎಂದು ಸಾರಿತು. ಎಂದಮೇಲೆ ಸರಕಾರವು ಕೆರೆಯ ಒಡೆಯನಲ್ಲ, ನೀರಗಂಟಿ. ನನ್ನ ವಾದವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ನೀರಗಂಟಿ ತನ್ನ ಇಷ್ಟದವರಿಗೆ ನೀರು ಬಿಟ್ಟರೆ ಏನಾಗುತ್ತದೆಂಬುದನ್ನು ದೇಶ ಕಂಡಿದೆ. 2008ರ ಜನವರಿಯಲ್ಲಿ, ಮೊದಲು ಬಂದವರಿಗೆ ಮೊದಲು ಎಂಬ ನೆಪದಲ್ಲಿ, 2001ರ ಬೆಲೆಗೆ 2ಜಿ ಪರವಾನಗಿಗಳನ್ನು ಹಂಚಲಾಯಿತು. 2010ರಲ್ಲಿ ಮಹಾಲೇಖಪಾಲರ ವರದಿಯು ಇದರಿಂದಾದ ನಷ್ಟವು 1.76 ಲಕ್ಷ ಕೋಟಿ ರೂಪಾಯಿವರೆಗೂ ಇರಬಹುದೆಂದು ಅಂದಾಜು ಮಾಡಿತು. 2012ರ ಫೆಬ್ರವರಿ 2ರಂದು ಸರ್ವೋಚ್ಚ ನ್ಯಾಯಾಲಯವು 122 ಪರವಾನಗಿಗಳನ್ನು ರದ್ದುಗೊಳಿಸಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ವಿಶೇಷ ನ್ಯಾಯಾಲಯವು 2017ರಲ್ಲಿ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿತು; ಅದರ ಮೇಲೆ ಮೇಲ್ಮನವಿಯೂ ಆಯಿತು. ಅಪರಾಧ ಯಾರದೆಂಬುದು ನ್ಯಾಯಾಲಯಗಳ ವಿಷಯ. ಆದರೆ ಹಂಚಿದ ರೀತಿ ತಪ್ಪೆಂಬುದು 2012ರಲ್ಲೇ ನಿರ್ಣಯವಾಯಿತು. ಅಂದಿನಿಂದ ಮೊಬೈಲಿನ ತರಂಗಗಳಿಗೆ ಹರಾಜೇ ಮಾರ್ಗವಾಗಿದೆ.

ಹರಾಜು ತಪ್ಪೆಂದು ನಾನು ಹೇಳುವುದಿಲ್ಲ. ಎಲ್ಲರ ಕಣ್ಣೆದುರಿಗೆ ನಡೆಯುವ ಕೂಗಿನಲ್ಲಿ ಗುಟ್ಟಿಗೆ ಎಡೆ ಕಡಿಮೆ. ಬೊಕ್ಕಸಕ್ಕೂ ಹಣ ಬರುತ್ತದೆ. 2022ರ ಹರಾಜೊಂದರಲ್ಲೇ ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿಗಳಿಗೆ ಕೂಗು ನಡೆಯಿತು. ಆದರೆ ಹರಾಜು ಮುಗಿದ ಮೇಲೆ ನೀರಗಂಟಿಯ ಕೆಲಸವೂ ಮುಗಿಯಿತು ಎಂದು ತಿಳಿಯುವುದಾದರೆ ಅದು ತಪ್ಪು. ತೂಬಿನ ಬಳಿ ನ್ಯಾಯ ನಡೆದ ಮಾತ್ರಕ್ಕೆ ಕಾಲುವೆಯ ಕೊನೆಯಲ್ಲಿಯೂ ನ್ಯಾಯ ನಡೆಯಿತು ಎನ್ನಲಾಗದು.

ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಮೊದಲನೆಯದು 700 ಮೆಗಾಹರ್ಟ್ಸ್ ಪಟ್ಟೆಯ ಕಥೆ. ಕಡಿಮೆ ಸಂಖ್ಯೆಯ ತರಂಗ ದೂರ ಹೋಗುತ್ತದೆಂದು ಆಗಲೇ ಹೇಳಿದೆನಷ್ಟೆ. ಒಂದು ಗೋಪುರದಿಂದ ಹಲವು ಹಳ್ಳಿಗಳನ್ನು ಮುಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟೆ ಮೊಬೈಲಿನವರಿಗೆ ಅಂದು ಬೇರೊಂದಿರಲಿಲ್ಲ. 2016ರಲ್ಲಿ ಇದನ್ನು ಹರಾಜಿಗಿಟ್ಟಾಗ ಇಡೀ ದೇಶಕ್ಕೆ ಒಂದು ಮೆಗಾಹರ್ಟ್ಸ್‌ಗೆ ಕನಿಷ್ಠ ಬೆಲೆ 11,485 ಕೋಟಿ ರೂಪಾಯಿ ಎಂದು ಗೊತ್ತುಮಾಡಿದರು. ಒಬ್ಬರೂ ಕೂಗಲಿಲ್ಲ. 2021ರಲ್ಲಿ ಬೆಲೆಯನ್ನು 6,568 ಕೋಟಿಗೆ ಇಳಿಸಿದರು. ಆಗಲೂ ಯಾರೂ ಕೂಗಲಿಲ್ಲ. 2022ರಲ್ಲಿ 3,927 ಕೋಟಿಗೆ ಇಳಿಸಿದ ಮೇಲೆ ಒಂದು ಕಂಪೆನಿ ಹತ್ತು ಮೆಗಾಹರ್ಟ್ಸ್‌ಗಳನ್ನು ಕೊಂಡಿತು. ಸುಮಾರು ಆರು ವರ್ಷ ಆ ಪಟ್ಟೆ ಬರಿದೇ ಬಿದ್ದಿತ್ತು. ನಾವು ಏರಿಯ ಮೇಲೆ ಕುಳಿತು ಪಾಠ ಕೇಳಿದ ವರ್ಷವೂ ಆ ಆರರಲ್ಲಿ ಸೇರಿದೆ.

ಇಲ್ಲಿ ಕೆರೆಗೂ ಆಕಾಶಕ್ಕೂ ಒಂದು ಮುಖ್ಯವಾದ ವ್ಯತ್ಯಾಸವನ್ನು ಗಮನಿಸಬೇಕು. ಕೆರೆಯ ನೀರನ್ನು ಇಂದು ಬಿಡದಿದ್ದರೆ ಅದು ನಾಳೆಗೆ ಉಳಿದೀತು. ತರಂಗ ಹಾಗಲ್ಲ. ನೆನ್ನೆ ಬಳಸದ ತರಂಗವನ್ನು ಇಂದು ಸೇರಿಸಿ ಬಳಸುವಂತಿಲ್ಲ. ಆ ಹೊತ್ತಿನೊಡನೆಯೇ ಅದರ ಪ್ರಯೋಜನವೂ ಹೋಯಿತು. ಆದ್ದರಿಂದ ಹೆಚ್ಚಿನ ಬೆಲೆಗಾಗಿ ಕಾಯುವುದರಿಂದ ಉಳಿತಾಯವಾಗದು, ನಷ್ಟವೇ ಆಗುತ್ತದೆ. ಆ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣುವುದಿಲ್ಲ. ಹಳ್ಳಿಯ ಹುಡುಗನ ಅಂಕಪಟ್ಟಿಯಲ್ಲಿ ಕಂಡೀತು.

ಎರಡನೆಯ ನಿದರ್ಶನ, ಮಾರಿದ ಮೇಲೆ ನಡೆಯುವುದು. ಹರಾಜಿಗಾಗಿ ದೇಶವನ್ನು 22 ವೃತ್ತಗಳಾಗಿ ವಿಂಗಡಿಸಲಾಗಿದೆ. ಬೀದರಿನಿಂದ ಚಾಮರಾಜನಗರದವರೆಗೆ ಕರ್ನಾಟಕ ಒಂದೇ ವೃತ್ತ. ಕಂಪೆನಿಯೊಂದು ಪಟ್ಟೆಯನ್ನು ಕೊಂಡಿತೆಂದರೆ ಬೆಂಗಳೂರಿನ ಆಕಾಶದೊಡನೆ ನಮ್ಮೂರ ಆಕಾಶವೂ ಅದಕ್ಕೆ ಸೇರಿತು. ಬೆಂಗಳೂರಿನ ಮೇಲೆ ಅದು ಬೆಳೆ ತೆಗೆಯುತ್ತದೆ. ನಮ್ಮೂರ ಮೇಲೆ ಬೀಳು ಬಿಡುತ್ತದೆ. ಬೀಳು ಬಿದ್ದಿದ್ದರೂ ಇನ್ನೊಬ್ಬರು ಅಲ್ಲಿ ಕಾಲಿಡುವಂತಿಲ್ಲ. ಸೇವೆಯನ್ನು ಹರಡಬೇಕೆಂಬ ಕರಾರುಗಳು ಇರಲಿಲ್ಲವೆಂದಲ್ಲ. ಆದರೆ 2010ರ 3ಜಿ ಹರಾಜಿನ ಕರಾರು ಜಿಲ್ಲಾ ಕೇಂದ್ರಗಳನ್ನೇ ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡಿತ್ತು. ಜಿಲ್ಲಾ ಕೇಂದ್ರಕ್ಕೆ ಮುಟ್ಟಿದ ನೀರು ಹೋಬಳಿಗೆ ಮುಟ್ಟಬೇಕೆಂದೇನೂ ಇಲ್ಲ. ಇಷ್ಟೆಲ್ಲ ಹರಾಜುಗಳಾದ ಮೇಲೂ, 2022ರ ಜುಲೈನಲ್ಲಿ ಕೇಂದ್ರ ಸಚಿವಸಂಪುಟವು 4ಜಿ ಸೇವೆ ಇಲ್ಲದ 24,680 ಹಳ್ಳಿಗಳಿಗೆ ಅದನ್ನು ಒದಗಿಸಲು 26,316 ಕೋಟಿ ರೂಪಾಯಿಗಳ ಯೋಜನೆಯೊಂದನ್ನು ಒಪ್ಪಬೇಕಾಯಿತು. ಆ ಕೆಲಸ ಬಿದ್ದದ್ದು ಸರಕಾರದ ಸ್ವಂತ ಸಂಸ್ಥೆಯಾದ ಬಿ.ಎಸ್.ಎನ್.ಎಲ್.ನ ಹೆಗಲ ಮೇಲೆ. ಯೋಜನೆ ಒಳ್ಳೆಯದೇ. ಆದರೆ ಕೊನೆಯ ಗದ್ದೆ ಒಣಗಿದೆಯೆಂದು ನೀರಗಂಟಿಯೇ ಬರೆದುಕೊಟ್ಟ ಪತ್ರವೂ ಅದೇ ಅಲ್ಲವೇ?

ಈಗ ಕಂಪೆನಿಗಳ ಪರವಾಗಿ ಒಂದು ಮಾತು. ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರೊಡನೆ ಈ ವಿಷಯ ಚರ್ಚಿಸಿದಾಗ ಅವರು ಹೇಳಿದರು: ನೂರು ಮನೆಯ ಹಳ್ಳಿಯಲ್ಲಿ ಗೋಪುರ ನಿಲ್ಲಿಸಿದರೆ ಅದರ ಬಾಡಿಗೆ, ವಿದ್ಯುತ್ತಿನ ವೆಚ್ಚ ಹುಟ್ಟುವುದಿಲ್ಲ, ನಷ್ಟಕ್ಕೆ ಯಾರೂ ವ್ಯಾಪಾರ ಮಾಡುವುದಿಲ್ಲ. ಮಾತು ನಿಜ. ನಷ್ಟಕ್ಕೆ ವ್ಯಾಪಾರ ಮಾಡೆಂದು ನಾನೂ ಕೇಳುತ್ತಿಲ್ಲ. ನಿನಗೆ ಅಲ್ಲಿ ಬೆಳೆಯಲಾಗದಿದ್ದರೆ ಬೆಳೆಯಬಲ್ಲವರಿಗೆ ಬಿಡು, ಎಂಬಷ್ಟೇ ನನ್ನ ಕೋರಿಕೆ. ಒಂದು ಸಹಕಾರ ಸಂಘ, ಒಂದು ಪಂಚಾಯಿತಿ, ಒಂದು ಸಣ್ಣ ಸಂಸ್ಥೆ ಆ ಹೋಬಳಿಯ ಮಟ್ಟಿಗೆ ಆ ಪಟ್ಟೆಯನ್ನು ಬಳಸಿ ಸೇವೆ ಕೊಡಬಲ್ಲುದಾದರೆ ಅಡ್ಡಿ ಏಕೆ? ಇದೇ ತಾತನ ಎರಡನೆಯ ಕಟ್ಟು.

ಸಂತೋಷದ ಸಂಗತಿಯೆಂದರೆ, ಕಾನೂನು ಈಗ ಈ ಮಾತನ್ನು ಒಪ್ಪಿಕೊಂಡಿದೆ. 1885 ಮತ್ತು 1933ರ ಕಾಯಿದೆಗಳ ಸ್ಥಾನದಲ್ಲಿ ಬಂದ 2023ರ ದೂರಸಂಪರ್ಕ ಕಾಯಿದೆಯ 7ನೆಯ ಕಲಮಿನಲ್ಲಿ, ತರಂಗಗಳನ್ನು ಹಂಚಿಕೊಳ್ಳುವುದಕ್ಕೂ ಗುತ್ತಿಗೆಗೆ ಕೊಡುವುದಕ್ಕೂ ಅವಕಾಶವಿದೆ. ಮೇಲಾಗಿ, ಸಾಕಷ್ಟು ಕಾರಣವಿಲ್ಲದೆ ಬಳಸದೆ ಬಿಟ್ಟ ತರಂಗಗಳನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಸರಕಾರವು ಹಿಂದಕ್ಕೆ ಪಡೆಯಬಹುದೆಂದೂ ಹೇಳಿದೆ. ಈ ಕಲಮು 2024ರ ಜುಲೈನಲ್ಲಿ ಜಾರಿಗೆ ಬಂದಿದೆ. ಆದರೆ 'ಪಡೆಯಬಹುದು' ಎಂಬುದಕ್ಕೂ 'ಪಡೆಯಬೇಕು' ಎಂಬುದಕ್ಕೂ ಇರುವ ಅಂತರ ಕೆರೆಗೂ ಗದ್ದೆಗೂ ಇರುವ ಅಂತರದಷ್ಟೇ. ಬಳಸಿದ್ದಾರೆಯೇ ಇಲ್ಲವೇ ಎಂಬುದನ್ನು ಇಡೀ ವೃತ್ತದ ಲೆಕ್ಕದಲ್ಲಿ ನೋಡಿದರೆ ಬೆಂಗಳೂರಿನ ಬಳಕೆಯೇ ನಮ್ಮೂರ ಬೀಳನ್ನು ಮುಚ್ಚಿಬಿಡುತ್ತದೆ. ಅದನ್ನು ತಾಲ್ಲೂಕಿನ, ಸಾಧ್ಯವಾದರೆ ಗ್ರಾಮ ಪಂಚಾಯಿತಿಯ ಲೆಕ್ಕದಲ್ಲಿ ನೋಡಬೇಕು.

ಹಾಗೆ ನೋಡಬೇಕಾದರೆ ಮೊದಲು ಲೆಕ್ಕ ಕಾಣಬೇಕು. ನಮ್ಮ ಹೊಲ ಗದ್ದೆಗಳಿಗೆ ಪಹಣಿಯಿದೆ: ಒಡೆಯರು ಯಾರು, ಉಳುವವರು ಯಾರು, ಬೆಳೆ ಏನು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಆಕಾಶಕ್ಕೂ ಒಂದು ಪಹಣಿ ಬೇಕು; ಅದು ಕನ್ನಡದಲ್ಲಿರಬೇಕು. ಟ್ರಾಯ್ ಪ್ರಾಧಿಕಾರದ 2024ರ ನಿಯಮಗಳ ಪ್ರಕಾರ ಕಂಪೆನಿಗಳು ತಮ್ಮ ಸೇವೆ ಎಲ್ಲೆಲ್ಲಿದೆಯೆಂಬ ನಕ್ಷೆಯನ್ನು ಪ್ರಕಟಿಸಬೇಕಾಗಿದೆ. ಒಳ್ಳೆಯ ಆರಂಭ. ಆದರೆ ಗದ್ದೆಗೆ ನೀರು ಬಂತೇ ಎಂಬುದನ್ನು ಗದ್ದೆಯವನಿಂದಲೂ ಕೇಳಬೇಕಲ್ಲದೆ ತೂಬಿನವನ ಮಾತೊಂದನ್ನೇ ನಂಬಲಾದೀತೇ? ಈ ವರ್ಷವೂ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ, ಮೊಬೈಲಿಗೆ ಬರಬೇಕಾದ ಗುಪ್ತಸಂಖ್ಯೆ ಅದರ ಅವಧಿ ಕಳೆದ ಮೇಲೆ ಬಂದು, ನಾನು ರಾತ್ರಿ ಎಂಟು ಗಂಟೆಗೆ ಅದೇ ಏರಿಯನ್ನು ಹತ್ತಬೇಕಾಯಿತು.

ಇನ್ನೊಂದು ಅಂಶ. ಆಕಾಶದ ನೀರು ಕೇವಲ ಮೊಬೈಲಿನದಲ್ಲ, ಮಾತಿನದೂ ಹೌದು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರ ಸುಮಾರಿಗೆ ಹಳ್ಳಿಯವರೇ, ಮುಖ್ಯವಾಗಿ ಹೆಂಗಸರು ಮತ್ತು ತರುಣರು, 'ನಮ್ಮ ಧ್ವನಿ' ಎಂಬ ರೇಡಿಯೋ ಕಾರ್ಯಕ್ರಮಗಳನ್ನು ಆರಂಭಿಸಿದರು. ತರಂಗ ಬಳಸಲು ಅವರಿಗೆ ಅನುಮತಿ ಇಲ್ಲ. 1995ರ ತೀರ್ಪು ಬಂದು ಎಂಟು ವರ್ಷಗಳಾಗಿದ್ದರೂ ಹಳ್ಳಿಗೆ ಆಕಾಶದ ಬಾಗಿಲು ತೆರೆದಿರಲಿಲ್ಲ. ಆದ್ದರಿಂದ ಅವರು ತಮ್ಮ ದನಿಯನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಹರಿಸಿದರು. ಕೆರೆ ಪಕ್ಕದಲ್ಲಿದ್ದರೂ ಬಿಂದಿಗೆಯಲ್ಲಿ ಹೊತ್ತು ಗದ್ದೆಗೆ ನೀರುಣಿಸಿದಂತೆ! 2002ರ ನೀತಿ ವಿದ್ಯಾಸಂಸ್ಥೆಗಳಿಗೆ ಮಾತ್ರ ಸಮುದಾಯ ರೇಡಿಯೋ ನಡೆಸಲು ಅವಕಾಶ ಕೊಟ್ಟಿತ್ತು. 2006ರಲ್ಲಿ ಅದು ಸ್ವಯಂಸೇವಾ ಸಂಸ್ಥೆಗಳಿಗೂ ದೊರೆಯಿತು. ಆದರೂ ಆರು ಲಕ್ಷಕ್ಕೂ ಮಿಕ್ಕಿ ಹಳ್ಳಿಗಳಿರುವ ದೇಶದಲ್ಲಿ ಇಂದಿಗೂ ಇಂಥ ನಿಲಯಗಳು ಐನೂರರ ಆಸುಪಾಸಿನಲ್ಲಿವೆ, ಅಷ್ಟೆ.

ಈ ವಿಷಯದಲ್ಲಿ ಸರಕಾರವನ್ನಷ್ಟೇ ದೂರಿ ಫಲವಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆ. ವಿದ್ಯಾಸಂಸ್ಥೆಗಳಿಗೆ ಎರಡು ದಶಕಗಳಿಗೂ ಹಿಂದೆಯೇ ಬಾಗಿಲು ತೆರೆದಿದೆ. ನಮ್ಮ ಕಾಲೇಜು ಒಂದು ಅರ್ಜಿಯನ್ನಾದರೂ ಹಾಕಿದೆಯೇ? ನಾವು ವಿದ್ಯಾರ್ಥಿಗಳು ಕೇಳಿದ್ದೇವೆಯೇ? 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರೇಷಕ ಯಂತ್ರವನ್ನಿಟ್ಟು ರೇಡಿಯೋ ನಿಲಯವನ್ನು ನಡೆಸಿದರು. ಅದರ ಶಕ್ತಿ ಕೇವಲ 30 ವ್ಯಾಟ್, ಅಂದರೆ ಒಂದು ಸಣ್ಣ ವಿದ್ಯುದ್ದೀಪದಷ್ಟು. ಆ ನಿಲಯದ ಹೆಸರು ಆಕಾಶವಾಣಿ. ಇಂದು ಇಡೀ ದೇಶದ ರೇಡಿಯೋ ಹೊತ್ತಿರುವ ಹೆಸರು ಅದೇ. ಎಂಜಿನಿಯರರಲ್ಲದ ಒಬ್ಬ ಕಾಲೇಜು ಅಧ್ಯಾಪಕರಿಂದ ಅಂದು ಸಾಧ್ಯವಾದದ್ದು, ಇಷ್ಟೊಂದು ಅನುಕೂಲಗಳಿರುವ ಇಂದು ನಮ್ಮಿಂದ ಏಕಾಗಬಾರದು? ನಮ್ಮ ತಾಲ್ಲೂಕಿನ ಮಾರುಕಟ್ಟೆಯ ದರ, ಮಳೆಯ ಸೂಚನೆ, ವಿದ್ಯಾರ್ಥಿವೇತನದ ಕೊನೆಯ ದಿನಾಂಕ, ಊರ ಹಿರಿಯರ ನೆನಪು, ಇವೆಲ್ಲ ಹತ್ತು ಹನ್ನೆರಡು ಮೈಲಿಗಳಾಚೆ ಯಾರಿಗೂ ಬೇಡವಾಗಬಹುದು. ಆದರೆ ನಮಗೆ ಬೇಕು. ಮುಂದಿನ ವರ್ಷದ ವಿದ್ಯಾರ್ಥಿ ಸಂಘವು ಅಧ್ಯಾಪಕರ ನೆರವಿನಿಂದ ಈ ಅರ್ಜಿಯನ್ನು ಸಿದ್ಧಪಡಿಸಲೆಂದು ಬಿನ್ನವಿಸುತ್ತೇನೆ. ಆ ವೇಳೆಗೆ ನಾನು ಇಲ್ಲಿರುವುದಿಲ್ಲ. ಆದರೆ ಬರವಣಿಗೆಯ ಕೆಲಸಕ್ಕೆ ಕರೆದರೆ ಬರುತ್ತೇನೆ.

ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಕಾಯಿದೆಯ ಕಲಮನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿಯನ್ನು ಈ ಸರಕಾರಿ ಕಾಲೇಜು ನನಗೆ ಕೊಟ್ಟಿದೆ. ಮೊನ್ನೆ ಊರಿಗೆ ಹೋದಾಗ ತಾತನಿಗೆ ಇದನ್ನೆಲ್ಲ ವಿವರಿಸಿದೆ. ದೆಹಲಿಯಲ್ಲಿ ಒಂದು ಕಚೇರಿಯಿದೆ, ಅದೇ ಆಕಾಶದ ನೀರಗಂಟಿ, ಎಂದೆ. ಕೋಟಿಗಳ ಲೆಕ್ಕವನ್ನು ಅವರು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. "ಕೊನೇ ಗದ್ದೆ ನೋಡೋಕೆ ಅವರು ಯಾವಾಗ ಬರ್ತಾರಂತೆ?" ಎಂದು ಮಾತ್ರ ಕೇಳಿದರು.

ಈ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಕೇಳಬೇಕಾದವರನ್ನು ಕೇಳುವುದು ಓದು ಕಲಿತ ನಮ್ಮೆಲ್ಲರ ಕರ್ತವ್ಯವೆಂದು ನಂಬಿ ಈ ಲೇಖನವನ್ನು ಮುಗಿಸುತ್ತೇನೆ.